ಉದ್ರಿ ಖಾತೆ ಹಾರಿಹೋದ ಮೇಲೆ

ನಮ್ಮ ಕಡೆ ಅಂಗಡಿಯ ಕಂಪ್ಯೂಟರಿಗೆ ವರ್ಷಕ್ಕೆ ಎರಡು ಪೂಜೆ ಖಾಯಂ. ಮಹಾನವಮಿಗೊಂದು, ದೀಪಾವಳಿಯ ಲಕ್ಷ್ಮೀಪೂಜೆಗೊಂದು. ಮಾನಿಟರಿನ ಹಣೆಗೆ ಮೂರು ಬೆರಳಿನ ವಿಭೂತಿ, ಕೀಬೋರ್ಡಿನ ಮೇಲೆ ಚೆಂಡುಹೂವು, ಮೌಸಿಗೆ ಕುಂಕುಮ, ಯುಪಿಎಸ್ಸಿನ ನೆತ್ತಿಯ ಮೇಲೊಂದು ನಿಂಬೆಹಣ್ಣು. ಒಡೆದ ಕಾಯಿಯ ನೀರು ಸಿಡಿಯುವುದೂ ಸರಿಯಾಗಿ ಸಿಪಿಯುದ ತೂತಿನೊಳಕ್ಕೇ. ಇಷ್ಟು ಭಕ್ತಿಯ ಸಾಹುಕಾರರನ್ನು "ಬ್ಯಾಕಪ್ ತಗೊಂಡೀರೇನ್ರಿ?" ಎಂದು ಕೇಳಿ ನೋಡಿ. "ಪೂಜಿ ಮಾಡೀವಲ್ರೀ" ಎಂಬ ಮುಖ ಮಾಡುತ್ತಾರೆ. ಅವರದೇನೂ ತಪ್ಪಿಲ್ಲ. ಪೂಜೆಗಾದರೆ ಪೇಢೆ ಸಿಗುತ್ತದೆ, ಬ್ಯಾಕಪ್ಪಿಗೆ ಏನು ಸಿಗುತ್ತದೆ?

ಗಂಗಾವತಿಯ ಒಂದು ರೈಸ್ ಮಿಲ್ಲು ಎಂದುಕೊಳ್ಳಿ. ಯಾವುದು ಎಂದು ಕೇಳಬೇಡಿ, ಹೇಳಿದರೆ ನಮ್ಮ ಮನೆಗೆ ಬರುವ ಅಕ್ಕಿ ನಿಂತುಹೋಗುತ್ತದೆ. ಗಂಗಾವತಿ ಎಂದರೆ ನಾಡಿನ ಜನಕ್ಕೆ ನೆನಪಾಗುವುದು ಎರಡು: ಸೋನಾ ಮಸೂರಿ ಮತ್ತು ಪ್ರಾಣೇಶರ ಹಾಸ್ಯ. ಮೊದಲನೆಯದು ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಬೆಳೆದದ್ದು. ಎರಡನೆಯದಕ್ಕೆ ನೀರಾವರಿ ಬೇಕಾಗಲಿಲ್ಲ.

ಸುಗ್ಗಿಯ ಕಾಲ. ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿದೆ. 75 ಕೆಜಿಯ ಚೀಲಕ್ಕೆ ಇಷ್ಟು ಎಂದು ದರ ಕುದುರಿದೆ. ವೇಬ್ರಿಡ್ಜಿನ ಹುಡುಗ ಕಾಟಾ ಚೀಟಿ ಹರಿದು ಹರಿದು ಕೊಡುತ್ತಿದ್ದಾನೆ, ಗುಮಾಸ್ತ ತಲೆಯೆತ್ತದೆ ಎಂಟ್ರಿ ಹೊಡೆಯುತ್ತಿದ್ದಾನೆ. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಒಂದು ಸಲ ಕುಂಯ್ ಎಂದು ತಾನೂ ಹೋಯಿತು. ಅದರ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ಮೇಲಿನ ನಿಂಬೆಹಣ್ಣು ಮಾತ್ರ ಹೊಸದಿತ್ತು.

ಕರೆಂಟು ಬಂತು. ವಿಂಡೋಸ್ ತೆರೆಯಿತು. ಲೆಕ್ಕದ ಸಾಫ್ಟ್‌ವೇರು ತೆರೆಯಲಿಲ್ಲ.

"ಸಾವ್ಕಾರ್ರ, ಡೇಟಾ ಹೋಗೈತ್ರಿ."

"ಎಲ್ಲಿಗೆ ಹೋಗೈತಿ? ಮುಂಜಾನಿ ಇಲ್ಲೇ ಇತ್ತಲ್ಲ."

"ಇಲ್ಲೇ ಐತ್ರಿ. ಆದ್ರ ಓದಾಕ ಬರವಲ್ದು."

"ಓದಾಕ ಬರವಲ್ದಂದ್ರ? ಬಿಕಾಂ ಅಂತ ಹೇಳಿ ಕೆಲಸಕ್ಕ ಸೇರಿದ್ದೆಲ್ಲೋ!"

ನಗುವುದು ಬೇಡ, ಗುಮಾಸ್ತ ಹೇಳಿದ್ದು ಅಕ್ಷರಶಃ ನಿಜ. ಡೇಟಾ ಅಲ್ಲೇ ಇರುತ್ತದೆ, ಓದಲು ಬರುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಸಾಹುಕಾರರ ಅಜ್ಜನ ಕಾಲದ ಕೆಂಪು ರಟ್ಟಿನ ಪುಸ್ತಕಕ್ಕೆ ಹೋಗಬೇಕು. ಆಗ ದಿನದ ವ್ಯವಹಾರವನ್ನು ಆದ ಹಾಗೇ ಮೊದಲು ಕಿರ್ದಿಯಲ್ಲಿ ಬರೆಯುತ್ತಿದ್ದರು. ಆಮೇಲೆ ಪುರುಸೊತ್ತಾದಾಗ ಅದನ್ನು ಒಬ್ಬೊಬ್ಬರ ಖಾತೆಗೆ ಏರಿಸುತ್ತಿದ್ದರು. ಖಾತೆ ಬರೆಯುವಾಗ ದೀಪ ಆರಿದರೆ ಚಿಂತೆಯಿಲ್ಲ, ಕಿರ್ದಿ ನೋಡಿ ಮತ್ತೆ ಏರಿಸಿದರಾಯಿತು. ಇಂದಿನ ಡೇಟಾಬೇಸುಗಳು ಹೆಚ್ಚಾಗಿ ಮಾಡುವುದು ಇದನ್ನೇ. ಬದಲಾವಣೆಯನ್ನು ಮೊದಲು ಲಾಗ್ ಎಂಬ ಕಿರ್ದಿಗೆ ಬರೆದು, ಆಮೇಲೆ ಟೇಬಲ್ ಎಂಬ ಖಾತೆಗೆ ಏರಿಸುತ್ತವೆ. ಕರೆಂಟು ಹೋಗಿ ಬಂದ ಮೇಲೆ ಲಾಗು ಓದಿ ಬಾಕಿ ಉಳಿದದ್ದನ್ನು ತಾವೇ ಏರಿಸಿಕೊಳ್ಳುತ್ತವೆ. ಯಲಬುರ್ಗಾ, ಕುಷ್ಟಗಿಯ ಕಂಪ್ಯೂಟರುಗಳು ಇವತ್ತಿಗೂ ಬದುಕಿರುವುದು ಈ ಉಪಾಯದಿಂದ.

ಹಾಗಾದರೆ ಕೆಟ್ಟದ್ದು ಹೇಗೆ? ಮಿಲ್ಲಿನ ಲೆಕ್ಕವಿದ್ದ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಇನ್ನೊಡಿಬಿ ಎಂಜಿನ್ನು ಖಾತೆಯನ್ನು ಸಾಮಾನ್ಯವಾಗಿ 16 ಕಿಲೋಬೈಟಿನ ಒಂದೊಂದು ಪುಟ ಮಾಡಿ ಬರೆಯುತ್ತದೆ. ಡಿಸ್ಕು ಅಷ್ಟನ್ನೂ ಒಂದೇ ಏಟಿಗೆ ಬರೆಯುವುದಿಲ್ಲ, 512 ಬೈಟು ಇಲ್ಲವೇ 4 ಕಿಲೋಬೈಟಿನ ತುಂಡು ಮಾಡಿ ಬರೆಯುತ್ತದೆ. ಮಧ್ಯದಲ್ಲಿ ಕರೆಂಟು ಹೋದರೆ ಪುಟದ ತಲೆ ಹೊಸದು, ಕಾಲು ಹಳೆಯದು. ಪ್ರತಿ ಪುಟದ ಮೇಲೂ ಚೆಕ್‌ಸಮ್ ಎಂಬ ತಾಳೆಯ ಅಂಕಿಯಿರುತ್ತದೆ. ತಾಳೆಯಾಗದ ಪುಟವನ್ನು ಎಂಜಿನ್ನು ಮುಟ್ಟುವುದಿಲ್ಲ, ಬಾಗಿಲು ಹಾಕಿಕೊಂಡು ಕೂತುಬಿಡುತ್ತದೆ. ಅರ್ಧ ಪುಟದ ಮೇಲೆ ಕಿರ್ದಿಯನ್ನು ಏರಿಸಲೂ ಬಾರದು. ಇದು ಗೊತ್ತಿದ್ದೇ ಎಂಜಿನ್ನು ಮಾಡಿದವರು ಪ್ರತಿ ಪುಟವನ್ನೂ ಮೊದಲು ಒಂದು ಕಡೆ ಇಳಿಸಿ, ಆಮೇಲೆ ಅದರ ಜಾಗದಲ್ಲಿ ಬರೆಯುವ ಏರ್ಪಾಡು ಇಟ್ಟಿದ್ದಾರೆ. ಮಿಲ್ಲಿನ ಸಾಫ್ಟ್‌ವೇರು ಬರೆದ ಕೊಪ್ಪಳದ ಹುಡುಗ "ಎರಡೆರಡು ಸಲ ಯಾಕ ಬರೀಬೇಕು, ಸ್ಪೀಡ್ ಬರವಲ್ದು" ಎಂದು ಆ ಏರ್ಪಾಡನ್ನು ಬಂದ್ ಮಾಡಿದ್ದ. ಸ್ಪೀಡು ಬಂದಿತ್ತು. ಸಾಹುಕಾರರು ಖುಷಿಯಾಗಿ ಅವನಿಗೆ ಒಂದು ಚೀಲ ಅಕ್ಕಿ ಕೊಟ್ಟು ಕಳಿಸಿದ್ದರು.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಕೈಕಟ್ಟಿ ಕೂಡುವುದು. ಮಿಷನ್ ಆಫ್ ಮಾಡಬೇಕು, ಹಾರ್ಡ್ ಡಿಸ್ಕು ಬಿಚ್ಚಬೇಕು, ಅದನ್ನು ಇದ್ದದ್ದು ಇದ್ದಂತೆ ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು, ಮೂಲವನ್ನು ತಿಜೋರಿಯಲ್ಲಿಟ್ಟು ಬೀಗ ಹಾಕಬೇಕು. ಏನೇ ಪ್ರಯೋಗ ಮಾಡಿದರೂ ನಕಲಿನ ಮೇಲೆ. ನಕಲು ಹಾಳಾದರೆ ಮೂಲದಿಂದ ಇನ್ನೊಂದು ನಕಲು. ಜಗತ್ತಿನ ಎಲ್ಲ ಡೇಟಾ ರಿಕವರಿಯವರ ಮೊದಲ ಪಾಠ ಇದು. ಆದರೆ ನಮ್ಮ ಜಿಲ್ಲೆಯಲ್ಲಿ ಮನುಷ್ಯರು ಕಷ್ಟದಲ್ಲಿದ್ದಾಗ ಕೈಕಟ್ಟಿ ಕೂತರೆ ಸುತ್ತಲಿನವರು ಸುಮ್ಮನಿರುವುದಿಲ್ಲ.

ಕುಷ್ಟಗಿಯ ಬೀಗರು ಫೋನಿನಲ್ಲೇ ಚಿಕಿತ್ಸೆ ಶುರು ಮಾಡಿದರು: "ಆಫ್ ಮಾಡಿ ಆನ್ ಮಾಡ್ರಿ, ಹಂಗ ಆಗಲಿಲ್ಲಂದ್ರ ಇನ್ನೊಮ್ಮಿ ಮಾಡ್ರಿ." ಬಿಇ ಓದುತ್ತಿರುವ ಸೋದರಳಿಯ ಬಂದು "ಮಾವ, ಆಂಟಿವೈರಸ್ ಹಾಕೋಣ" ಎಂದ. ಅದು ಫೈಲುಗಳನ್ನು ಮೂಸಿ ಮೂಸಿ ಮುಖ್ಯವಾದ ಒಂದನ್ನು ಎತ್ತಿ ಕ್ವಾರಂಟೈನಿಗೆ ಹಾಕಿತು. ಹಮಾಲರ ಮುಖಂಡ ಬಾಗಿಲಲ್ಲಿ ನಿಂತು ನೋಡಿ "ದೃಷ್ಟಿ ಆಗೈತ್ರಿ" ಎಂದ. ಅಂದಿನ ತಜ್ಞರಲ್ಲಿ ಹಾನಿ ಮಾಡದ ಸಲಹೆ ಕೊಟ್ಟವನು ಅವನೊಬ್ಬನೇ. ಕೊನೆಗೆ ಯಲಬುರ್ಗಾದಿಂದ ಕಂಪ್ಯೂಟರ್ ರಿಪೇರಿಯವನು ಬೈಕ್ ಮೇಲೆ ಬಂದ. ಕೂಡುವ ಮೊದಲೇ "ಫಾರ್ಮ್ಯಾಟ್ ಹೊಡೆದ್ರ ಹೊಸದರಂಗ ಆಗ್ತೈತ್ರಿ" ಎಂದ. ಅವನ ಮಾತು ಸುಳ್ಳಲ್ಲ. ಹೊಸದಾಗಿ ತಂದಾಗಲೂ ಅದರಲ್ಲಿ ಏನೂ ಇರಲಿಲ್ಲ.

ಫಾರ್ಮ್ಯಾಟಿನವನನ್ನು ಚಹಾ ಕುಡಿಸಿ ಕಳಿಸಿದ್ದು ಆ ದಿನದ ದೊಡ್ಡ ಪುಣ್ಯ. ಕಂಪ್ಯೂಟರು ಫೈಲನ್ನು ಅಳಿಸಿದೆ ಎಂದರೂ ಅದು ಒಡನೆ ಅಳಿದಿರುವುದಿಲ್ಲ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಬಹುಮಟ್ಟಿಗೆ ಹಾಗೇ ಬಿದ್ದಿರುತ್ತದೆ. ಹೊಸ ವಿಂಡೋಸ್ ಹಾಕಿದರೆ ಅದು ನೇರ ಹೋಗಿ ಅದೇ ಜಾಗದಲ್ಲಿ ಚಾಪೆ ಹಾಸುತ್ತದೆ.

"ಒಂದು ಬ್ಯಾಕಪ್ ಪೆನ್‌ಡ್ರೈವ್ ಇತ್ತಲ್ಲ" ಎಂದು ಯಾರಿಗೋ ನೆನಪಾಯಿತು. ಗಲ್ಲಾಪೆಟ್ಟಿಗೆಯ ತಳದಲ್ಲಿ, ಹಳೆಯ ನಾಣ್ಯಗಳ ನಡುವೆ ಅದು ಸಿಕ್ಕಿತು. ಮೇಲೆ ಚೀಟಿ ಅಂಟಿಸಿ "ಲೆಕ್ಕ" ಎಂದು ಬರೆದಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಹಾಕಿದರು. ಸಾಹುಕಾರರ ಮಗಳ ಮದುವೆಯ ವಿಡಿಯೋ ಬಂತು. ಜಾಗ ಸಾಲದೆ ಫೋಟೋಗ್ರಾಫರ್ ಹಳೆಯದನ್ನೆಲ್ಲ ತೆಗೆದು ತುಂಬಿಕೊಟ್ಟಿದ್ದ. ಮದುವೆಗೆ ಎಷ್ಟು ಖರ್ಚಾಯಿತೆಂಬ ಲೆಕ್ಕವೂ ಆ ಪೆನ್‌ಡ್ರೈವಿನಲ್ಲೇ ಇತ್ತಂತೆ.

ಸಂಜೆ ಕೊಪ್ಪಳದ ಹುಡುಗ ಬಂದ. ಫೋನಿನಲ್ಲಿ ಎಷ್ಟು ಬೈಸಿಕೊಂಡಿದ್ದನೋ, ಬಂದವನೇ ತಿಜೋರಿ, ನಕಲು ಎಲ್ಲ ಶಾಸ್ತ್ರವನ್ನೂ ಸರಿಯಾಗಿ ಮಾಡಿದ. ಇನ್ನೊಡಿಬಿಗೆ ಒತ್ತಾಯದ ರಿಕವರಿ ಎಂದೊಂದು ಸೆಟ್ಟಿಂಗ್ ಇದೆ, 1ರಿಂದ 6ರವರೆಗೆ. ಕೆಟ್ಟ ಪುಟ ಕಂಡರೂ ಕಣ್ಣುಮುಚ್ಚಿಕೊಂಡು ಮುಂದೆ ಹೋಗು ಎನ್ನುವುದು ಒಂದನೆಯದು. ಲಾಗನ್ನೇ ನೋಡಬೇಡ, ಹೇಗಿದೆಯೋ ಹಾಗೆ ತೆರೆ ಎನ್ನುವುದು ಆರನೆಯದು. ಹುಡುಗ ಒಂದು ಹಾಕಿದ, ತೆರೆಯಲಿಲ್ಲ. ಎರಡು, ಇಲ್ಲ.

"ಒಮ್ಮಿಗೇ ಆರು ಹಾಕಲ್ಲ, ಯಾಕ ಚೌಕಾಶಿ ಮಾಡ್ತಿ?" ಎಂದರು ಸಾಹುಕಾರರು.

"ನಾಕು ಮುಟ್ಟಿದ್ರ ಉಳಿದದ್ದೂ ಕೆಡಬಹುದ್ರಿ."

"ಹಂಗಾದ್ರ ಮೂರಕ್ಕ ಮುಗಸು" ಎಂದು ಅವರು ಭತ್ತದ ದರ ಕಟ್ಟುವ ಧಾಟಿಯಲ್ಲೇ ಹೇಳಿದರು. ಡೇಟಾಬೇಸು ಮೂರಕ್ಕೇ ಒಪ್ಪಿಕೊಂಡು ತೆರೆಯಿತು. ಸಾಹುಕಾರರು ಮೀಸೆ ತಿರುವಿದರು. ಅವರ ಪ್ರಕಾರ ಕೆಲಸ ಆದದ್ದು ಅವರ ಮಾತಿಗೆ.

ಹಾಗೆ ತೆರೆದ ಡೇಟಾಬೇಸಿನಲ್ಲಿ ವ್ಯವಹಾರ ಮುಂದುವರಿಸಬಾರದು. ಟೇಬಲ್ಲುಗಳನ್ನು ಒಂದೊಂದಾಗಿ ಹೊರಗೆ ಇಳಿಸಿಕೊಂಡು, ಹೊಸ ಡೇಟಾಬೇಸು ಕಟ್ಟಿ ಅಲ್ಲಿಗೆ ತುಂಬಬೇಕು. ಪಾರ್ಟಿಗಳ ಹೆಸರು ಬಂತು, ಖರೀದಿ ಬಂತು, ನಗದು ಬಂತು. ಉದ್ರಿಯ ಟೇಬಲ್ಲು ಮಾತ್ರ ಅರ್ಧ ದಾರಿಗೆ ಬಂದು ಕುಸಿಯಿತು. ಹುಡುಗ ಜಾಣ, ಮೊದಲ ನಂಬರಿನಿಂದ ಮುಂದಕ್ಕೆ ಕೆಟ್ಟ ಪುಟದವರೆಗೆ ಓದಿಸಿದ. ಆಮೇಲೆ ಕೊನೆಯ ನಂಬರಿನಿಂದ ಹಿಮ್ಮುಖವಾಗಿ ಅದೇ ಪುಟದ ಆಚೆ ದಡದವರೆಗೆ ಓದಿಸಿದ. ನಡುವೆ ಒಂದಿಷ್ಟು ದಿನಗಳ ಉದ್ರಿ ಮಾತ್ರ ಕಾಣೆಯಾಗಿ ಉಳಿಯಿತು. ಸುಗ್ಗಿಯ ದಿನಗಳವು, ಮಿಲ್ಲಿನ ಜೀವ ಇದ್ದದ್ದೇ ಆ ಕಾಣೆಯಾದ ಪುಟಗಳಲ್ಲಿ.

ಇಲ್ಲಿ ಕುಷ್ಟಗಿಯ ಕಡೆಗೆ ಒಂದು ಸುತ್ತು ಹೋಗಿ ಬರಬೇಕು, ರಿಕವರಿ ಎಂದರೆ ಯಾವಾಗಲೂ ಕಡಿಮೆಯೇ ಬರುತ್ತದೆ ಎಂದು ನೀವು ತಿಳಿದಿದ್ದರೆ. ಅಲ್ಲಿನ ಹಳೆಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಮೊನ್ನೆ ಮೊನ್ನೆಯವರೆಗೆ ಫಾಕ್ಸ್‌ಪ್ರೊ ಓಡುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿನ ಹಂಗಿಲ್ಲ. ಫಾಕ್ಸ್‌ಪ್ರೊದ ಫೈಲಿನ ತಲೆಯಲ್ಲಿ ಒಟ್ಟು ಎಷ್ಟು ದಾಖಲೆಗಳಿವೆ ಎಂಬ ಅಂಕಿ ಇರುತ್ತದೆ. ಮಿಷನ್ ಫಕ್ಕನೆ ನಿಂತರೆ ಆ ಅಂಕಿ ತಪ್ಪುತ್ತದೆ, ಇಡೀ ಫೈಲು ಕೆಟ್ಟಿತೆಂದು ಹಠ ಹಿಡಿಯುತ್ತದೆ. ಪ್ರತಿ ದಾಖಲೆಯ ಉದ್ದವೂ ಒಂದೇ ಆದ್ದರಿಂದ ತಲೆ ಬಿಟ್ಟು ಉಳಿದ ಫೈಲಿನ ಗಾತ್ರವನ್ನು ಭಾಗಿಸಿ ಸರಿಯಾದ ಅಂಕಿ ಕೂರಿಸಿದರೆ ಸಾಕು, ಎದ್ದು ಕೂಡುತ್ತದೆ. ಇದರ ಇನ್ನೊಂದು ಗುಣವೆಂದರೆ, ಡಿಲೀಟ್ ಹೊಡೆದ ದಾಖಲೆಯನ್ನು ಇದು ತೆಗೆದುಹಾಕುವುದಿಲ್ಲ. ಅದರ ಮುಂದೆ ಒಂದು ನಕ್ಷತ್ರದ ಗುರುತು ಹಾಕಿ ಸುಮ್ಮನಿರುತ್ತದೆ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗಲೇ ನಿಜವಾಗಿ ಹೋಗುವುದು, ಆ ಆಜ್ಞೆಯನ್ನು ಅಲ್ಲಿ ಯಾರೂ ಕೊಟ್ಟಿರಲಿಲ್ಲ.

ರಿಪೇರಿಯಾದ ಫೈಲು ತೆರೆದಾಗ ನಕ್ಷತ್ರಗಳ ಸಮೇತ ಎಲ್ಲ ಬಂತು. ಎಲ್ಲ ಎಂದರೆ ಎಲ್ಲ. ಅಳಿಯಂದಿರು ಒಯ್ದ ಹತ್ತಿ ಬೀಜ, ಒಯ್ದ ಡಿಎಪಿ, ಒಯ್ದ ಔಷಧಿ, ಅತ್ತೆಯವರ ಮಾತಿನ ಮೇಲೆ ಗುಮಾಸ್ತ ಸದ್ದಿಲ್ಲದೆ ಅಳಿಸಿದ್ದ ವರ್ಷಾನುವರ್ಷದ ಉದ್ರಿ ಪರದೆಯ ಮೇಲೆ ಸಾಲಾಗಿ ಮಿನುಗಿತು. ಅಂಗಡಿಯ ಸಾಹುಕಾರರು ಓದಿದರು, ಒಳಮನೆಯ ಕಡೆ ನೋಡಿದರು, ಮತ್ತೆ ಓದಿದರು. "ಇಷ್ಟು ಪೂರಾ ರಿಕವರ್ ಮಾಡು ಅಂತ ನಿನಗ ಹೇಳಿದವರ್ಯಾರು?" ಎಂದು ರಿಪೇರಿಯವನನ್ನು ಗದರಿದರಂತೆ. ಡೇಟಾ ಹೋದ ದಿನ ಆ ಮನೆಯಲ್ಲಿ ಊಟ ಆಗಿತ್ತು, ಬಂದ ದಿನ ಆಗಲಿಲ್ಲ.

ಗಂಗಾವತಿಗೆ ಮರಳೋಣ. ಯಂತ್ರ ಕೊಡುವಷ್ಟನ್ನು ಕೊಟ್ಟಾಯಿತು, ಇನ್ನು ಮನುಷ್ಯರನ್ನು ಕೇಳಬೇಕು. ಇಲ್ಲಿಂದ ಮುಂದಿನ ವಿದ್ಯೆಯನ್ನು ಯಾವ ಕಂಪ್ಯೂಟರ್ ಪುಸ್ತಕವೂ ಕಲಿಸುವುದಿಲ್ಲ. ಆದರೆ ಮಿಲ್ಲಿನ ಹಳೆಯ ಗುಮಾಸ್ತರೊಬ್ಬರು, ಕಂಪ್ಯೂಟರ್ ಬಂದ ಮೇಲೆ ಮನೆಗೆ ಹೋದವರು, ಸುದ್ದಿ ಕೇಳಿ ಕೋಲೂರಿಕೊಂಡು ಬಂದರು. ಅವರ ಮುಖದಲ್ಲಿದ್ದ ಸಂತೋಷವನ್ನು ಮುಚ್ಚಲು ಅವರೇನೂ ಕಷ್ಟಪಡಲಿಲ್ಲ. ಅವರು ಹೇಳಿದ್ದು ಒಂದೇ ಮಾತು: "ಬರೇ ನಮ್ಮ ಹಂತ್ಯಾಕ ಇರೋ ಲೆಕ್ಕ ಅಂತ ಯಾವುದೂ ಇರೂದಿಲ್ಲ. ವ್ಯವಹಾರಕ್ಕ ಇಬ್ಬರು ಬೇಕಲ್ಲೋ. ಇನ್ನೊಬ್ಬನ ಹಂತ್ಯಾಕ ಒಂದು ಕಾಪಿ ಇದ್ದೇ ಇರ್ತೈತಿ."

ಮೊದಲು ಮಿಲ್ಲು ಯಾರಿಗೆ ಕೊಡಬೇಕಿತ್ತೋ ಅವರ ಕಡೆ ಹೋದರು. ಹಮಾಲರ ಮುಖಂಡನ ಪಾಕೆಟ್ ಬುಕ್ಕಿನಲ್ಲಿ ಯಾವ ದಿನ, ಯಾವ ಲಾರಿ, ಎಷ್ಟು ಚೀಲ ಎಂಬುದು ಪೆನ್ಸಿಲಿನ ಗೀಟುಗಳಲ್ಲಿ ತಪ್ಪಿಲ್ಲದೆ ಇತ್ತು. ಚೀಲಕ್ಕಿಷ್ಟು ಎಂದು ಕೂಲಿ ಎಣಿಸಿಕೊಳ್ಳುವವನ ಲೆಕ್ಕ ಅದು. ದಲಾಲಿ ಅಂಗಡಿಯವರ ಹತ್ತಿರ ಪೈಸೆಯ ತನಕ ಇತ್ತು. ಕಾರಟಗಿಯ ರೈತರು ಕಾಟಾ ಚೀಟಿಗಳನ್ನು ತಗಡಿನ ಟ್ರಂಕಿನಲ್ಲಿ, ಪಹಣಿ, ಪಾಸ್‌ಬುಕ್ಕಿನ ಜೊತೆ ಮಡಿಚಿ ಇಟ್ಟಿದ್ದರು. ಗೋಣಿಚೀಲದ ವ್ಯಾಪಾರಿ ಹೇಳಿಕಳಿಸುವ ಮೊದಲೇ ತಾನಾಗಿ ಬಂದು, ಬಾಕಿಯ ಜೊತೆ ಬಡ್ಡಿಯನ್ನೂ ಕೂಡಿಸಿ ತೋರಿಸಿದ. ಒಬ್ಬರದೂ ಕೆಟ್ಟಿರಲಿಲ್ಲ, ಒಬ್ಬರ ಮನೆಯಲ್ಲೂ ಯುಪಿಎಸ್ ಇರಲಿಲ್ಲ.

ಇನ್ನು ಮಿಲ್ಲಿಗೆ ಕೊಡಬೇಕಾದವರ ಸರದಿ. ಅಕ್ಕಿಯನ್ನು ಉದ್ರಿ ಒಯ್ದ ಅಂಗಡಿಗಳವರು. ಡೇಟಾ ಹೋದ ಸುದ್ದಿಯನ್ನು ಗುಟ್ಟಾಗಿಡಬೇಕೆಂದು ಸಾಹುಕಾರರು ಆಣೆ ಹಾಕಿಸಿದ್ದರು. ಅದು ಮಧ್ಯಾಹ್ನದ ಹೊತ್ತಿಗೆ ಎಪಿಎಂಸಿ ಸುತ್ತಿ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಬಂದಿತ್ತು. ಸಂಜೆಯಿಂದಲೇ ಸಂತಾಪದ ಫೋನುಗಳು ಶುರುವಾದವು.

"ಕೇಳಿ ಭಾಳ ಕೆಟ್ಟ ಅನಿಸ್ತ್ರಿ ಸಾವ್ಕಾರ್ರ. ಎಂಥಾ ಮನಿತನಕ್ಕ ಎಂಥಾ ಕಷ್ಟ! ನಮ್ದೇನೂ ಬಾಕಿ ಇದ್ದಂಗ ಇಲ್ಲ ಬಿಡ್ರಿ."

"ಇತ್ತಲ್ಲಪ್ಪ, ಹೋದ ತಿಂಗಳು ಒಂದು ಲೋಡ್ ಒಯ್ದಿದ್ದಿ."

"ಒಯ್ದಿದ್ದೆ ಅಂತೀರಿ? ಅದು ನಗದಿನ್ಯಾಗ ಆತೇನೋ... ನಿಮ್ಮ ಕಂಪ್ಯೂಟರ್‌ನ್ಯಾಗ ಒಂದ್ಸಲ ನೋಡ್ರಿ."

ಎಷ್ಟೋ ಜನರ ಡೇಟಾಬೇಸು ಮಿಲ್ಲಿನ ಡೇಟಾಬೇಸಿನ ಜೊತೆಗೇ, ಅದೇ ಗಳಿಗೆಯಲ್ಲಿ ಕೆಟ್ಟಿತ್ತು. ಅವರ ಊರಿನಲ್ಲಿ ಕರೆಂಟೂ ಹೋಗಿರಲಿಲ್ಲ.

ಸಾಹುಕಾರರು ಜಿಎಸ್‌ಟಿ ಪೋರ್ಟಲಿನ ಮೇಲೆ ಭಾರ ಹಾಕಿದರು. ಕೊಪ್ಪಳದ ಆಡಿಟರ್ ಕನ್ನಡಕ ಸರಿಸಿ ನಕ್ಕರು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಂತು. ಮಿಲ್ಲಿನವರು ಬುದ್ಧಿವಂತರು, 26 ಕೆಜಿಯ ಚೀಲ ಹೊಲಿಸಿದರು. ಒಂದು ಕೆಜಿ ಹೆಚ್ಚು, ತೆರಿಗೆ ಸೊನ್ನೆ. ಆದರೆ ತೆರಿಗೆಯಿಲ್ಲದ ಮಾಲಿನ ಮಾರಾಟವನ್ನು ರಿಟರ್ನಿನಲ್ಲಿ ಬಿಲ್ಲುವಾರು ತೋರಿಸಬೇಕಿಲ್ಲ, ಒಟ್ಟು ಮೊತ್ತ ಬರೆದರೆ ಸಾಕು. ಅಂಥ ಅಕ್ಕಿಗೆ ಇ-ವೇ ಬಿಲ್ಲೂ ಬೇಕಿಲ್ಲ. ಪೋರ್ಟಲಿನಲ್ಲಿ ಇದ್ದದ್ದು ತಿಂಗಳಿಗೊಂದು ಅಂಕಿ. ಯಾರು ಒಯ್ದರು, ಎಷ್ಟು ಒಯ್ದರು ಎಂಬುದು ಸರ್ಕಾರಕ್ಕೂ ಗೊತ್ತಿಲ್ಲ. "ತೆರಿಗಿ ಕಟ್ಟಿದ್ರ ಪ್ರತಿ ಬಿಲ್ಲಿನ ಕಾಪಿ ದಿಲ್ಲಿಯವರು ಪುಕ್ಕಟೆ ಇಟ್ಟಿರತಿದ್ರು" ಎಂದು ಆಡಿಟರ್ ಹೇಳಿದಾಗ ಸಾಹುಕಾರರಿಗೆ ಜೀವನದಲ್ಲಿ ಮೊದಲ ಬಾರಿಗೆ ತೆರಿಗೆ ಕಟ್ಟಬೇಕಿತ್ತು ಎನಿಸಿತು. ಬಹಳ ಹೊತ್ತು ಅನಿಸಲಿಲ್ಲ.

ಆಡಿಟರು ಶಾಸ್ತ್ರದ ದಾರಿಯೊಂದನ್ನು ಹೇಳಿದರು: ಪ್ರತಿ ಪಾರ್ಟಿಗೂ ಬಾಕಿ ದೃಢೀಕರಣದ ಪತ್ರ ಕಳಿಸಿ, ಬಾಕಿ ಎಷ್ಟೆಂದು ಅವರಿಂದಲೇ ಸಹಿ ಮಾಡಿಸಿಕೊಳ್ಳುವುದು. ಹಳೆಯ ಗುಮಾಸ್ತರು ಪತ್ರದ ನಮೂನೆಯನ್ನು ಒಪ್ಪಿದರು, ಒಂದು ಸಣ್ಣ ತಿದ್ದುಪಡಿ ಮಾಡಿದರು. "ಎಷ್ಟು ಬಾಕಿ ಅಂತ ಕೇಳಬ್ಯಾಡ್ರಿ. ನೀವೇ ಬರೀರಿ, ಹೆಚ್ಚಿಗಿ ಬರೀರಿ." ಅಂದಾಜು ಲಕ್ಷ ಇರಬಹುದಾದವನಿಗೆ ಎರಡು ಲಕ್ಷ ಎಂದು ಪತ್ರ ಹೋಯಿತು. ಮರುದಿನ ಮುಂಜಾನೆ ಮಿಲ್ಲಿನ ಗೇಟು ತೆಗೆಯುವ ಮೊದಲೇ ಆ ಪಾರ್ಟಿ ಬೈಕ್ ನಿಲ್ಲಿಸಿ ಕೂತಿದ್ದ, ಕೈಯಲ್ಲಿ ಬಿಲ್ಲುಗಳ ಕಟ್ಟು, ಕಣ್ಣಲ್ಲಿ ಬೆಂಕಿ. "ಎರಡು ಲಕ್ಷ ಅಂದ್ರ ಏನ್ರಿ ಇದು, ಹಗಲು ದರೋಡಿ! ಇಲ್ಲಿ ನೋಡ್ರಿ ನಿಮ್ಮ ಬಿಲ್ಲು, ಇಲ್ಲಿ ನೋಡ್ರಿ ತಾರೀಖು, ಒಂದು ಲಕ್ಷದ ಹದಿನಾಕು ಸಾವಿರ, ಒಂದು ರೂಪಾಯಿ ಹೆಚ್ಚಿಲ್ಲ!" ಗುಮಾಸ್ತರು ತಣ್ಣಗೆ ಬಿಲ್ಲಿನ ಜೆರಾಕ್ಸ್ ತೆಗೆಸಿಕೊಂಡು, ಕ್ಷಮೆ ಕೇಳಿ, ಚಹಾ ಕೊಟ್ಟು ಕಳಿಸಿದರು. ನಗದಿನಲ್ಲಿ ತೀರಿತ್ತು ಎಂದವರ ನೆನಪೆಲ್ಲ ಒಂದು ವಾರದೊಳಗೆ ಗುಣವಾಯಿತು. ಇನ್ನೊಡಿಬಿಯಲ್ಲಿ ಒತ್ತಾಯದ ರಿಕವರಿ ಆರು ಹಂತದ್ದು, ಗುಮಾಸ್ತರದು ಒಂದೇ ಹಂತದ್ದು.

ಇಷ್ಟಕ್ಕೆ ನಮ್ಮ ಗಂಗಾವತಿಯವರನ್ನು ಮಾತ್ರ ನಗಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟು ಸುಮಾರು 300 ಜಿಬಿಯ ಡೇಟಾಬೇಸು ಮಾಯ ಮಾಡಿದರು. ಬ್ಯಾಕಪ್ಪಿಗೆ ಅವರಲ್ಲಿ ಐದು ಬಗೆಯ ಏರ್ಪಾಡಿತ್ತು, ಒಂದೂ ಸರಿಯಾಗಿ ನಡೆದಿರಲಿಲ್ಲ. ದಿನದ ಬ್ಯಾಕಪ್ಪು ಆವೃತ್ತಿಯ ವ್ಯತ್ಯಾಸದಿಂದ ಸೋಲುತ್ತಲೇ ಇತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಪರೀಕ್ಷೆಗೆಂದು ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಆರು ಗಂಟೆ ಹಿಂದಿನ ನಕಲೊಂದು ಅವರನ್ನು ಉಳಿಸಿತು. ರಿಕವರಿಯನ್ನು ಅವರು ಯೂಟ್ಯೂಬಿನಲ್ಲಿ ನೇರ ಪ್ರಸಾರ ಬೇರೆ ಮಾಡಿದರು. ಗಂಗಾವತಿಯಲ್ಲಿ ಅಂಥ ಪ್ರಸಾರದ ಅಗತ್ಯ ಬೀಳುವುದಿಲ್ಲ, ನೋಡುವವರು ಮೊದಲೇ ಒಳಗೆ ಬಂದು ಕೂತಿರುತ್ತಾರೆ. 1998ರಲ್ಲಿ 'ಟಾಯ್ ಸ್ಟೋರಿ 2' ಸಿನಿಮಾದ ಬಹುಭಾಗ ಹೀಗೇ ಅಳಿಸಿಹೋಯಿತು, ಬ್ಯಾಕಪ್ಪೂ ಕೈಕೊಟ್ಟಿತು. ಗ್ಯಾಲಿನ್ ಸುಸ್ಮನ್ ಎಂಬಾಕೆ ಬಾಣಂತನದಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಒಂದು ನಕಲನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು, ಸಿನಿಮಾ ಬದುಕಿತು.

ಯುಪಿಎಸ್ ಬ್ಯಾಟರಿ ಹಾಕಿಸದ ಸಾಹುಕಾರರಿಗೆ ನಾನು ಹೇಳಲೇಬಾರದ ಕಥೆಯೊಂದು ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಯುಪಿಎಸ್ಸಿನ ಲಿಥಿಯಂ ಬ್ಯಾಟರಿಗಳಿಗೇ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂದು ಅದಕ್ಕೆ ಹೊರಗಡೆ ಬ್ಯಾಕಪ್ಪೇ ಇರಲಿಲ್ಲ. ಇದನ್ನು ಕೇಳಿದ ಸಾಹುಕಾರರು "ನೋಡ್ರಿ, ಬ್ಯಾಟರಿ ಹಾಕಸ್ಲಿಲ್ಲಂದ್ರ ಲೆಕ್ಕ ಹೋಗ್ತೈತಿ, ಹಾಕಿಸಿದ್ರ ಬಿಲ್ಡಿಂಗೇ ಹೋಗ್ತೈತಿ" ಎಂದು ಇಂದಿಗೂ ಬ್ಯಾಟರಿ ತಂದಿಲ್ಲ.

ಬ್ಯಾಕಪ್ಪಿನ ಪಾಠಕ್ಕೆ ಕೊರಿಯಾದವರೆಗೆ ಹೋಗುವುದೇ ದಂಡ, ಕೊಪ್ಪಳದ ಗವಿಮಠದ ಬೆಟ್ಟ ಹತ್ತಿದರೆ ಸಾಕು. ಅಲ್ಲಿ ಅಶೋಕನ ಕಿರು ಶಾಸನವಿದೆ, ಪಕ್ಕದ ಪಾಲ್ಕಿಗುಂಡಿನಲ್ಲಿ ಅದೇ ಒಕ್ಕಣೆಯ ಇನ್ನೊಂದಿದೆ. ಎರಡನ್ನೂ ಓದಿ ಆರ್. ಎಲ್. ಟರ್ನರ್ 1932ರಲ್ಲಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಪಾಲ್ಕಿಗುಂಡಿನದು ಗಾಳಿ-ಮಳೆಗೆ ತೀರ ಸವೆದಿದೆ, ಅದೊಂದೇ ಇದ್ದಿದ್ದರೆ ಏನು ಬರೆದಿದೆ ಎಂದು ಹೇಳುವುದು ಕಷ್ಟವಿತ್ತು. ಆದರೆ ಅಶೋಕ ಅದೇ ಮಾತನ್ನು ಮಸ್ಕಿಯಲ್ಲೂ ಬರೆಸಿದ್ದ, ಚಿತ್ರದುರ್ಗದ ಬ್ರಹ್ಮಗಿರಿಯಲ್ಲೂ ಬರೆಸಿದ್ದ, ದೂರದ ರೂಪನಾಥದಲ್ಲೂ ಬರೆಸಿದ್ದ. ಒಂದರಲ್ಲಿ ಅಳಿಸಿದ ಅಕ್ಷರವನ್ನು ವಿದ್ವಾಂಸರು ಇನ್ನೊಂದರಿಂದ ತುಂಬಿಕೊಂಡರು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಪ್ರತಿ. ಬ್ರಹ್ಮಗಿರಿ, ರೂಪನಾಥಗಳ ಪ್ರತಿಗಳಲ್ಲಿ ಕಂಪ್ಯೂಟರಿನವರಿಗೆ ಚಿರಪರಿಚಿತವಾದ 256 ಎಂಬ ಅಂಕಿ ಕೂಡ ಇದೆ. ಅದನ್ನು ಕೇಳಿ ನಮ್ಮ ಕೊಪ್ಪಳದ ಹುಡುಗ "ಹಂಗಾದ್ರ ಅಂವಗ ಕಂಪ್ಯೂಟರ್ ಗೊತ್ತಿತ್ತು" ಎಂದು ಕೈಮುಗಿದ. ಕಂಪ್ಯೂಟರ್ ಗೊತ್ತಿತ್ತೋ ಇಲ್ಲವೋ, ಎಲ್ಲ ಪ್ರತಿಗಳನ್ನೂ ಪಾಟಲಿಪುತ್ರದ ಒಂದೇ ಕಪಾಟಿನಲ್ಲಿ ಇಡಬಾರದು ಎಂಬುದು ಗೊತ್ತಿತ್ತು. ನಮ್ಮವರು ಸಿ ಡ್ರೈವಿನ ಬ್ಯಾಕಪ್ಪನ್ನು ಡಿ ಡ್ರೈವಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಎಷ್ಟೋ ಕಂಪ್ಯೂಟರುಗಳಲ್ಲಿ ಆ ಎರಡೂ ಒಂದೇ ಡಿಸ್ಕು, ಹೆಸರು ಮಾತ್ರ ಬೇರೆ.

ಕಂಪ್ಯೂಟರಿನವರು ಇದನ್ನೇ ಮೂರು-ಎರಡು-ಒಂದು ಎಂದು ಸೂತ್ರ ಮಾಡಿಕೊಂಡಿದ್ದಾರೆ. ಲೆಕ್ಕದ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನಗಳ ಮೇಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಗಂಗಾವತಿಯವರು ಒಂದನ್ನು ಕುಷ್ಟಗಿಯ ಬೀಗರ ಮನೆಯಲ್ಲಿಡಬಹುದು, ಬೀಗರು ತೆರೆದು ನೋಡುತ್ತಾರೆಂಬ ಭಯವಿದ್ದರೆ ಪಾಸ್‌ವರ್ಡ್ ಹಾಕಬಹುದು. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೊಂದು ಮಿಷನ್ನಿನಲ್ಲಿ ತೆರೆದು, ಲೆಕ್ಕ ಬರುತ್ತದೋ ಮದುವೆ ಬರುತ್ತದೋ ನೋಡಬೇಕು. ಸಾಹುಕಾರರಿಗೆ ಇದನ್ನೆಲ್ಲ ಕೂರಿಸಿ ಹೇಳಿದೆ. ಎಲ್ಲ ಕೇಳಿ ಆಕಳಿಸಿದರು.

ಇಷ್ಟು ತ್ರಾಸು ಬೇಡ ಎನ್ನುವ ಅವರಂಥವರಿಗೆ ಹಳೆಯ ಗುಮಾಸ್ತರ ವಾರದ ಕೆಲಸ ನೋಡಿ ನನಗೆ ಹೊಳೆದ ಒಂದು ಅಗ್ಗದ ಉಪಾಯ ಹೇಳುತ್ತೇನೆ. ಯಾರಿಗೂ ಉದ್ರಿ ಕೊಡಬೇಡಿ, ಆ ಲೆಕ್ಕ ನಿಮ್ಮೊಬ್ಬರ ತಲೆಯ ಮೇಲೇ ಬೀಳುತ್ತದೆ. ಬದಲಿಗೆ ಸಾಧ್ಯವಾದಷ್ಟು ಜನರಿಂದ ಸಾಲ ಮಾಡಿ. ಕೊಪ್ಪಳದಲ್ಲೊಬ್ಬರು, ಕುಷ್ಟಗಿಯಲ್ಲಿಬ್ಬರು, ಯಲಬುರ್ಗಾದಲ್ಲೊಬ್ಬರು ಎಂದು ಹಂಚಿ ಮಾಡಿ. ಕರೆಂಟು ಹೋಗಲಿ, ಡಿಸ್ಕು ಸುಡಲಿ, ಮಿಲ್ಲೇ ಮುಳುಗಲಿ, ನಿಮ್ಮ ಲೆಕ್ಕದ ಒಂದಕ್ಷರ ಅಳಿಯುವುದಿಲ್ಲ. ದಿನದಿನವೂ ಬಡ್ಡಿ ಸಮೇತ ತಾನೇ ಅಪ್‌ಡೇಟ್ ಆಗುತ್ತಿರುತ್ತದೆ. ರಿಸ್ಟೋರ್ ಮಾಡಿಕೊಡಲು ಅವರು ಮನೆಯ ಬಾಗಿಲಿಗೇ ಬರುತ್ತಾರೆ.